ತಲೆ ಕೊಯ್ಯದೆ ಕೈ ನಡುಕ ನಿಲ್ಲಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 71 ವರ್ಷ. 14 ವರ್ಷದಿಂದ ಎರಡೂ ಕೈ ನಡುಗುತ್ತವೆ, ಬಲಗೈ ಜಾಸ್ತಿ. ಸುಮ್ನೆ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಾಗ ಏನೂ ಇಲ್ಲ. ಲೋಟ ಎತ್ತಿದರೆ ಸಾಕು, ಬಾಯಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿರುತ್ತದೆ. ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನವರು ಎರಡು ಸಲ ವಾಪಸ್ ಕಳಿಸಿದರು. ಈಗೀಗ ತಲೆಯೂ ‘ಇಲ್ಲ, ಇಲ್ಲ’ ಅನ್ನುವ ಹಾಗೆ ಅಲ್ಲಾಡುತ್ತದೆ. ಅಜ್ಜನಿಗೂ ಹೀಗೇ ಇತ್ತಂತೆ. ಮೊದಲು ನೋಡಿದ ವೈದ್ಯರು ಪಾರ್ಕಿನ್ಸನ್ ಅಂದರು. ಒಂದು ವರ್ಷ ಮಾತ್ರೆ ನುಂಗಿದರೂ ಏನೂ ಬದಲಾಗಲಿಲ್ಲ. ಎರಡನೆಯವರು ಎಸೆನ್ಶಿಯಲ್ ಟ್ರೆಮರ್ ಅಂದರು. ಅಪ್ಪನಿಗೆ ಆಸ್ತಮಾ ಇದೆ, ದಿನಕ್ಕೆ ಮೂರ್ನಾಲ್ಕು ಸಲ ಸಾಲ್ಬುಟಮಾಲ್ ಇನ್‌ಹೇಲರ್ ಎಳೆಯುತ್ತಾರೆ. ಎದೆಬಡಿತ ಏರುಪೇರು ಎಂದು ರಕ್ತ ತೆಳು ಮಾಡುವ ಮಾತ್ರೆಯನ್ನೂ ತಗೋತಾರೆ.

ಮೊನ್ನೆ ನನ್ನ ತಮ್ಮ ಒಂದು ವಿಡಿಯೋ ತೋರಿಸಿದ. ಒಬ್ಬರು ಯಂತ್ರದೊಳಗೆ ಹೋಗಿ, ಹೊರಗೆ ಬಂದು, ನಡುಗದ ಕೈಯಲ್ಲಿ ನೀರು ಕುಡಿಯುತ್ತಾರೆ. ಫೋಕಸ್ಡ್ ಅಲ್ಟ್ರಾಸೌಂಡ್ ಅಂತೆ. ಕೊಯ್ಯೋದಿಲ್ಲ, ಕೊರೆಯೋದಿಲ್ಲ. ಅಪ್ಪ ‘ನಾಳೆಯೇ ಹೋಗೋಣ’ ಎನ್ನುತ್ತಿದ್ದಾರೆ. ನನಗೆ ಭಯ. ಮೆದುಳಿಗೆ ಕಿರಣ ಬಿಟ್ಟರೆ ಮುಂದೆ ಕ್ಯಾನ್ಸರ್ ಬರಲ್ವಾ? ನೆನಪು ಹೋಗಲ್ವಾ? ಇನ್ನೊಂದು ಮಾತು. ಅಮ್ಮನಿಗೆ ಆಲ್ಝೈಮರ್ ಶುರುವಾಗಿದೆ. ಅದೇ ಯಂತ್ರದಲ್ಲಿ ಮರೆವಿಗೂ ಚಿಕಿತ್ಸೆ ಇದೆ ಎಂದು ತಮ್ಮ ಹೇಳುತ್ತಾನೆ. ನಿಜವಾ?

ಉತ್ತರ: ನೀವು ನೋಡಿದ ವಿಡಿಯೋ ಸುಳ್ಳಲ್ಲ. ಬೆಳಗ್ಗೆ ಲೋಟ ಹಿಡಿಯಲಾಗದ ಕೈ ಮಧ್ಯಾಹ್ನ ಲೋಟ ಹಿಡಿದದ್ದನ್ನು ನಾನೂ ಕಂಡಿದ್ದೇನೆ. ಎಷ್ಟು ಸಲ ಕಂಡರೂ ಮೈ ಜುಮ್ಮೆನ್ನುತ್ತದೆ. ಆದರೆ ವಿಡಿಯೋ ಅಲ್ಲಿಗೇ ನಿಂತುಬಿಡುತ್ತದೆ. ಆ ಮನುಷ್ಯ ಮಾರನೇ ದಿನ ನೆಟ್ಟಗೆ ನಡೆದರಾ, ಇನ್ನೊಂದು ಕೈ ಏನಾಯಿತು, ಮೂರು ವರ್ಷದ ಮೇಲೆ ಹೇಗಿದ್ದಾರೆ, ಇದ್ಯಾವುದೂ ಅದರಲ್ಲಿ ಇರುವುದಿಲ್ಲ. ನಿಮ್ಮ ಭಯ ಸರಿಯಾದದ್ದೇ, ಆದರೆ ಭಯಪಡುತ್ತಿರುವ ವಿಷಯ ಬೇರೆ ಆಗಬೇಕಿತ್ತು. ಅದನ್ನು ಹೇಳುತ್ತೇನೆ. ಅದಕ್ಕೂ ಮೊದಲು ಕಾಯಿಲೆ ಯಾವುದು ಎನ್ನುವುದು ಇತ್ಯರ್ಥವಾಗಲಿ.

ನಾನು ಅಪ್ಪನವರನ್ನು ಪರೀಕ್ಷೆ ಮಾಡಿಲ್ಲ. ಆದರೂ ನೀವು ಬರೆದ ಒಂದೊಂದು ಸಾಲೂ ಎರಡನೇ ವೈದ್ಯರ ಕಡೆಗೇ ವಾಲುತ್ತದೆ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕೈ ಸುಮ್ನೆ ಇದ್ದಾಗ ಬರುತ್ತದೆ, ಒಂದು ಬದಿಯಲ್ಲಿ ಶುರುವಾಗುತ್ತದೆ. ಜತೆಗೆ ಚಲನೆ ನಿಧಾನವಾಗುತ್ತದೆ, ಕೈಕಾಲು ಬಿಗಿಯುತ್ತವೆ. ಎಸೆನ್ಶಿಯಲ್ ಟ್ರೆಮರ್ ತದ್ವಿರುದ್ಧ. ಕೈ ಕೆಲಸಕ್ಕೆ ಇಳಿದಾಗ ನಡುಗುತ್ತದೆ, ಗುರಿ ಹತ್ತಿರ ಬಂದಷ್ಟೂ ಜಾಸ್ತಿ. ಎರಡೂ ಕೈಗೆ ಬರುತ್ತದೆ, ತಲೆಗೆ ಮತ್ತು ದನಿಗೂ ಹಬ್ಬಬಹುದು, ವಂಶದಲ್ಲಿ ಇರುತ್ತದೆ. ‘ಇಲ್ಲ, ಇಲ್ಲ’ ಎಂದು ತಲೆ ಆಡುವುದಂತೂ ಇದರ ಗುರುತು ಎಂದೇ ಹೇಳಬಹುದು. ಪಾರ್ಕಿನ್ಸನ್ ಮಾತ್ರೆಗೆ ಒಂದು ವರ್ಷ ಏನೂ ಜಗ್ಗಲಿಲ್ಲ ಎಂಬುದೂ ಒಂದು ಸುಳಿವು. ಇವೆರಡರ ನಡುವೆ ಗೊಂದಲ ಆಗುವುದು ಹೊಸದಲ್ಲ, ಮೊದಲಿನ ವೈದ್ಯರ ಮೇಲೆ ಸಿಟ್ಟು ಬೇಡ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದ ಸಾಲು. ದಿನಕ್ಕೆ ಮೂರ್ನಾಲ್ಕು ಸಲ ಸಾಲ್ಬುಟಮಾಲ್. ಉಸಿರು ಸಲೀಸು ಮಾಡುವ ಈ ಔಷಧಕ್ಕೆ ಕೈ ನಡುಗಿಸುವ ಗುಣ ಇದೆ. ನಡುಕ ಇಲ್ಲದವರಲ್ಲೂ ಬರಿಸುತ್ತದೆ, ಇದ್ದವರಲ್ಲಿ ಏರಿಸುತ್ತದೆ. ದಿನಾ ಅಷ್ಟು ಸಲ ಬೇಕಾಗುತ್ತಿದೆ ಎಂದರೆ ಆಸ್ತಮಾ ಹತೋಟಿಯಲ್ಲಿ ಇಲ್ಲ ಎಂದೇ ಅರ್ಥ. ದಯವಿಟ್ಟು ಇದನ್ನು ಓದಿ ಇನ್‌ಹೇಲರ್ ಬಿಡಿಸಬೇಡಿ. ಶ್ವಾಸಕೋಶದ ವೈದ್ಯರನ್ನು ಕಂಡು, ಉರಿಯೂತ ತಗ್ಗಿಸುವ ಇನ್‌ಹೇಲರ್ ಸರಿಹೊಂದಿಸಿಕೊಂಡರೆ ಸಾಲ್ಬುಟಮಾಲ್ ಬೇಕಾಗುವುದೇ ಕಮ್ಮಿ ಆಗುತ್ತದೆ. ಹಾಗೆಯೇ ಥೈರಾಯ್ಡ್ ರಕ್ತ ಪರೀಕ್ಷೆ ಆಗಿದೆಯಾ ನೋಡಿ. ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂಬ ಪಟ್ಟಿಯೂ ಬೇಕು. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೋಯೇಟ್, ಮನೋರೋಗಕ್ಕೆ ಕೊಡುವ ಲಿಥಿಯಂ ಇವೂ ಕೈ ನಡುಗಿಸುತ್ತವೆ. ಇನ್‌ಹೇಲರ್ ಒಂದರಿಂದಲೇ 14 ವರ್ಷದ ನಡುಕ ಬಂತು ಎಂದು ಹೇಳುತ್ತಿಲ್ಲ. ಆದರೆ ಹತ್ತರಲ್ಲಿ ಎರಡು ಪಾಲು ಅದರದ್ದಾಗಿದ್ದರೂ, ಮೆದುಳಿಗೆ ಕೈ ಹಾಕುವ ಮುಂಚೆ ಅದನ್ನು ಕಳೆದು ನೋಡುವುದು ಒಳ್ಳೆಯದು ಅಲ್ವಾ?

ಇನ್ನು ಯಂತ್ರದ ವಿಷಯ. ಗೊಂದಲ ಆಗುವುದೇ ಹೆಸರಿನಿಂದ. ಫೋಕಸ್ಡ್ ಅಲ್ಟ್ರಾಸೌಂಡ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದು, ಮೆದುಳಿನ ಒಂದು ಚುಕ್ಕೆಯನ್ನು ಸುಡುವುದು. ಇನ್ನೊಂದು, ಮೆದುಳಿನ ರಕ್ತನಾಳದ ಗೋಡೆಯನ್ನು ಸ್ವಲ್ಪ ಹೊತ್ತು ತೆರೆಯುವುದು. ಮತ್ತೊಂದು, ಸುಡದೆ ತೆರೆಯದೆ ನರಕೋಶಗಳನ್ನು ಮೆಲ್ಲಗೆ ತಟ್ಟುವುದು. ಅಪ್ಪನವರಿಗೆ ಸಂಬಂಧಿಸಿದ್ದು ಮೊದಲನೆಯದು. ಅದು ಚಿಕಿತ್ಸೆಯಾಗಿ ನೆಲೆ ನಿಂತಿದೆ. ಅಮ್ಮನ ವಿಷಯದಲ್ಲಿ ತಮ್ಮ ಕೇಳಿದ್ದು ಎರಡನೆಯದು. ಅದು ಇನ್ನೂ ಪ್ರಯೋಗದ ಹಂತದಲ್ಲಿದೆ. ಮೂರನೆಯದು ಇನ್ನೂ ಎಳೆಗೂಸು.

ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟಿದ್ದು ನೆನಪಿದೆಯಾ? ಬಿಸಿಲು ಗಾಜನ್ನು ಸುಡುವುದಿಲ್ಲ, ಒಂದೆಡೆ ಕೂಡಿದಲ್ಲಿ ಮಾತ್ರ ಸುಡುತ್ತದೆ. ಇಲ್ಲಿ ಬಿಸಿಲಿನ ಬದಲು ಶಬ್ದ. ತಲೆಯ ಸುತ್ತ ಕೂರುವ ಶಿರಸ್ತ್ರಾಣದಲ್ಲಿ 1,024 ಪುಟ್ಟ ಶಬ್ದಮೂಲಗಳಿರುತ್ತವೆ. ಸೆಕೆಂಡಿಗೆ ಸುಮಾರು 6.5 ಲಕ್ಷ ಸಲ ಕಂಪಿಸುವ ಶಬ್ದ ಅದು. ನಮ್ಮ ಕಿವಿ 20,000ದ ಮೇಲೆ ಏನನ್ನೂ ಕೇಳುವುದಿಲ್ಲ. ಒಂದೊಂದು ಅಲೆಯೂ ಬಡಕಲು, ದಾರಿಯಲ್ಲಿ ಯಾರಿಗೂ ತೊಂದರೆ ಮಾಡುವುದಿಲ್ಲ. ಸಾವಿರವೂ ಒಟ್ಟಿಗೆ ಸೇರುವ ಚುಕ್ಕೆಯಲ್ಲಿ ಮಾತ್ರ 55ರಿಂದ 60 ಡಿಗ್ರಿ ಸೆಲ್ಸಿಯಸ್ ಕಾವು ಏಳುತ್ತದೆ. ಅಲ್ಲಿದ್ದ ಕೋಶಗಳು ಸಾಯುತ್ತವೆ.

ಕೇಳಲು ಸುಲಭ. ಆದರೆ ಇಷ್ಟಾಗಲು ಅರ್ಧ ಶತಮಾನ ಬೇಕಾಯಿತು. 1950ರ ದಶಕದಲ್ಲೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಫ್ರೈ ಮತ್ತು ಫ್ರಾನ್ಸಿಸ್ ಫ್ರೈ ಎಂಬ ಸೋದರರು ಶಬ್ದದಿಂದ ಮೆದುಳಿನ ಚುಕ್ಕೆ ಸುಡುವುದನ್ನು ಮಾಡಿ ತೋರಿಸಿದ್ದರು. ಆದರೆ ಮೊದಲು ಬುರುಡೆಯ ಒಂದು ತುಂಡನ್ನು ತೆಗೆಯಬೇಕಿತ್ತು. ಮೂಳೆ ಶಬ್ದವನ್ನು ನುಂಗುತ್ತದೆ, ನುಂಗಿ ಕಾಯುತ್ತದೆ, ಉಳಿದದ್ದನ್ನು ಚೆದುರಿಸುತ್ತದೆ. ನಿಮ್ಮ ಬುರುಡೆಯ ದಪ್ಪ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಒಂದು ಅಲೆ ಬೇಗ ತಲುಪುತ್ತದೆ, ಇನ್ನೊಂದು ತಡ. ಗುರಿ ಕಲೆಸಿಹೋಗುತ್ತದೆ. ಈಗ ಮೊದಲೇ ಸಿಟಿ ಸ್ಕ್ಯಾನ್ ಮಾಡಿ ಬುರುಡೆಯ ಅಳತೆ ತೆಗೆದು, ಯಾವ ಶಬ್ದಮೂಲ ಎಷ್ಟು ಹಿಂದುಮುಂದಾಗಿ ಹೊರಡಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒಳಗಿನ ಕಾವು ಎಷ್ಟಾಯಿತು ಎಂದು ಎಂಆರ್‌ಐ ಮೂರ್ನಾಲ್ಕು ಸೆಕೆಂಡಿಗೊಮ್ಮೆ ತೋರಿಸುತ್ತಾ ಹೋಗುತ್ತದೆ. ಇವೆರಡೂ ಕೂಡಿದ ಮೇಲೆಯೇ ಕೊರೆಯದೆ ಮಾಡುವುದು ಸಾಧ್ಯವಾದದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಸೆನ್ಶಿಯಲ್ ಟ್ರೆಮರ್‌ಗೆ ಇದನ್ನು ಒಪ್ಪಿದ್ದು 2016ರಲ್ಲಿ.

ಮೆದುಳು ಸುಟ್ಟರೆ ನಡುಕ ಹೇಗೆ ನಿಲ್ಲುತ್ತದೆ ಎಂದು ನಿಮಗೆ ಅನ್ನಿಸಿರಬೇಕು. ಕೈ ಎಷ್ಟು ದೂರ ಹೋಗಬೇಕು, ಯಾವಾಗ ನಿಲ್ಲಬೇಕು ಎಂಬ ಲೆಕ್ಕ ಕಿರುಮೆದುಳಿನದ್ದು. ಆ ಸಂದೇಶ ಮೆದುಳಿನ ನಡುವಿರುವ ಥಾಲಮಸ್ ಎಂಬ ಜಂಕ್ಷನ್ ಹಾದು ಮೇಲಿನ ಮೆದುಳಿಗೆ ಹೋಗುತ್ತದೆ. ಎಸೆನ್ಶಿಯಲ್ ಟ್ರೆಮರ್‌ನಲ್ಲಿ ಈ ಸುತ್ತು ತಾಳ ಹಿಡಿದುಬಿಡುತ್ತದೆ. ಸಂದೇಶ ಸರಾಗವಾಗಿ ಹರಿಯುವ ಬದಲು ಟಕ ಟಕ ಎಂದು ಬಡಿಯುತ್ತದೆ, ಕೈ ಆ ತಾಳಕ್ಕೆ ಕುಣಿಯುತ್ತದೆ. ಜಂಕ್ಷನ್ನಿನ ಒಂದು ಮೂಲೆಯನ್ನು ತೆಗೆದರೆ ತಾಳ ಮುರಿಯುತ್ತದೆ, ಕೈಯ ಶಕ್ತಿ ಹಾಗೇ ಉಳಿಯುತ್ತದೆ.

ಇದರ ಹಿಂದೆ ಒಂದು ಅಪಘಾತದ ಕತೆಯೂ ಇದೆ. 1952ರಲ್ಲಿ ಅಮೆರಿಕದ ಶಸ್ತ್ರವೈದ್ಯ ಇರ್ವಿಂಗ್ ಕೂಪರ್ ಪಾರ್ಕಿನ್ಸನ್ ರೋಗಿಯೊಬ್ಬರಿಗೆ ಬೇರೇನೋ ಶಸ್ತ್ರಚಿಕಿತ್ಸೆ ಮಾಡಲು ಹೋದಾಗ ಮೆದುಳಿನ ಆಳಕ್ಕೆ ರಕ್ತ ಒಯ್ಯುವ ಒಂದು ನಾಳ ಹರಿಯಿತು. ಕಟ್ಟಿ ಮುಚ್ಚಿ, ಕೆಲಸ ಅಲ್ಲಿಗೇ ನಿಲ್ಲಿಸಿದರು. ರೋಗಿ ಎದ್ದಾಗ ನಡುಕ ಇರಲಿಲ್ಲ, ಕೈಕಾಲು ಬಿದ್ದಿರಲಿಲ್ಲ. ಆಳದಲ್ಲಿ ಒಂದು ಸಣ್ಣ ಜಾಗ ಸತ್ತರೆ ನಡುಕ ನಿಲ್ಲಬಹುದು ಎಂಬ ನಂಬಿಕೆಗೆ ಅದು ಬಲ ಕೊಟ್ಟಿತು. ಮುಂದೆ ಬುರುಡೆಗೆ ತೂತು ಮಾಡಿ, ಸೂಜಿಯಂಥ ಸಲಾಕೆ ಇಳಿಸಿ ಥಾಲಮಸ್ ಸುಡುವುದು ಹಲವು ದಶಕ ನಡೆಯಿತು. ಹಾಗಾಗಿ ಸುಡುವ ಜಾಗ ಹಳೆಯದೇ. ಹೊಸದು ಸಲಾಕೆ ಮಾತ್ರ.

ಈಗ ಆ ದಿನ ಏನಾಗುತ್ತದೆ ಎಂದು ಹೇಳುತ್ತೇನೆ. ಅಪ್ಪನವರಿಗೆ ಇದನ್ನು ಓದಿ ಹೇಳಿ.

ಬೆಳಗ್ಗೆ ತಲೆ ಪೂರ್ತಿ ಬೋಳಿಸುತ್ತಾರೆ. ಕೂದಲ ಎಡೆಯಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ, ಗಾಳಿಯನ್ನು ಈ ಶಬ್ದ ದಾಟುವುದಿಲ್ಲ. ಆಮೇಲೆ ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಂದು ಲೋಹದ ಚೌಕಟ್ಟನ್ನು ನಾಲ್ಕು ಮೊಳೆಗಳಿಂದ ಬುರುಡೆಗೆ ಬಿಗಿಯುತ್ತಾರೆ. ತಲೆ ಒಂದು ಕೂದಲೆಳೆಯಷ್ಟೂ ಅಲುಗಬಾರದು. ರೋಗಿಗಳು ನನಗೆ ಜಾಸ್ತಿ ದೂರುವುದು ಈ ಚೌಕಟ್ಟನ್ನೇ. ತಲೆಯ ಸುತ್ತ ರಬ್ಬರಿನಂಥ ಹಾಳೆ ಕಟ್ಟಿ, ಶಿರಸ್ತ್ರಾಣಕ್ಕೂ ತಲೆಗೂ ನಡುವೆ ತಣ್ಣೀರು ಹರಿಸುತ್ತಾರೆ. ಮೂಳೆ ಕಾಯದಿರಲಿ ಎಂದು. ಕೈಗೆ ಒಂದು ಗುಂಡಿ ಕೊಡುತ್ತಾರೆ. ಸಹಿಸಲಾಗದಿದ್ದರೆ ಒತ್ತಬಹುದು, ಎಲ್ಲ ನಿಲ್ಲುತ್ತದೆ. ಜ್ಞಾನ ತಪ್ಪಿಸುವುದಿಲ್ಲ. ಎಚ್ಚರ ಇರಲೇಬೇಕು.

ಯಾಕೆಂದರೆ ಮೊದಲ ಒಂದೆರಡು ಸಲ ಸುಡುವುದಿಲ್ಲ, ಬರೀ ಬೆಚ್ಚಗೆ ಮಾಡುತ್ತಾರೆ. 40ರಿಂದ 45 ಡಿಗ್ರಿ. ಆ ಜಾಗ ಸ್ವಲ್ಪ ಹೊತ್ತು ಮಂಕಾಗುತ್ತದೆ, ಆಮೇಲೆ ಮೊದಲಿನಂತಾಗುತ್ತದೆ. ಆ ಹೊತ್ತಿನಲ್ಲಿ ವೈದ್ಯರು ಒಳಗೆ ಬಂದು ರಟ್ಟಿಗೆ ಸಿಕ್ಕಿಸಿದ ಕಾಗದ ಹಿಡಿಯುತ್ತಾರೆ. ‘ಸುರುಳಿ ಬರೀರಿ’ ಎನ್ನುತ್ತಾರೆ. ‘ತುಟಿ ಜುಂ ಅಂತಿದೆಯಾ? ಬೆರಳು?’ ಎಂದು ಕೇಳುತ್ತಾರೆ. ಇದು ಕುಶಲ ವಿಚಾರಣೆಯಲ್ಲ. ನಡುಕದ ಜಾಗದ ಬೆನ್ನಿಗೇ ಸ್ಪರ್ಶದ ಜಾಗ ಇದೆ. ತುಟಿ ಜುಂ ಎಂದರೆ ಗುರಿ ಹಿಂದೆ ಸರಿದಿದೆ. ಪಕ್ಕದಲ್ಲಿ ಕೈಕಾಲಿಗೆ ಇಳಿಯುವ ನರಗಳ ಹೆದ್ದಾರಿ. ಮಾತು ತೊದಲಿದರೆ, ಕೈ ಸೋತರೆ, ಆ ಕಡೆ ವಾಲಿದೆ. ಒಂದು ಮಿಲಿಮೀಟರ್ ಈಚೆ ತರುತ್ತಾರೆ, ಮತ್ತೆ ಬೆಚ್ಚಗೆ ಮಾಡುತ್ತಾರೆ, ಮತ್ತೆ ಸುರುಳಿ. ಎಲ್ಲ ಸರಿ ಅನ್ನಿಸಿದ ಮೇಲೆಯೇ ಕಾವು ಏರಿಸುವುದು. ಒಂದೊಂದು ಸಲ 10ರಿಂದ 30 ಸೆಕೆಂಡ್. ನಡುವೆ ಮೂಳೆ ತಣಿಯಲು ಬಿಡುವು. ಏರಿಸಿದಾಗ ತಲೆ ಸಿಡಿಯುವಂಥ ನೋವು, ತಲೆ ತಿರುಗು, ವಾಕರಿಕೆ ಬರಬಹುದು. ಸೆಕೆಂಡುಗಳಲ್ಲಿ ಇಳಿಯುತ್ತದೆ. ಎಲ್ಲ ಸೇರಿ ಯಂತ್ರದೊಳಗೆ ಎರಡರಿಂದ ನಾಲ್ಕು ಗಂಟೆ.

ಕಡೆಗೆ ಆ ಕಾಗದಗಳನ್ನು ಸಾಲಾಗಿ ಇಟ್ಟರೆ ನೋಡುವಂತಿರುತ್ತದೆ. ಮೊದಲನೆಯದು ಮುಳ್ಳುಮುಳ್ಳಾದ ಗೀಚು. ನಾಲ್ಕನೆಯದರಲ್ಲಿ ಮುಳ್ಳು ಮೊಂಡಾಗಿರುತ್ತವೆ. ಕಡೆಯದು ಸುರುಳಿ.

ಈಗ ನೀವು ನಿಜಕ್ಕೂ ಭಯಪಡಬೇಕಾದ ವಿಷಯ. ಚರ್ಮದಲ್ಲಿ ಗಾಯ ಇಲ್ಲ ಎಂದರೆ ಒಳಗೂ ಗಾಯ ಇಲ್ಲ ಎಂದಲ್ಲ. ಐದಾರು ಮಿಲಿಮೀಟರ್ ಅಗಲದ, ಬಟಾಣಿಗಿಂತ ಚಿಕ್ಕದಾದ ಒಂದು ಜಾಗ ಶಾಶ್ವತವಾಗಿ ಸತ್ತಿರುತ್ತದೆ. ‘ಬೇಡ, ವಾಪಸ್ ಮಾಡಿ’ ಎನ್ನಲು ದಾರಿ ಇಲ್ಲ. ಅಪ್ಪನವರು ‘ಕೊರೆಯೋದಿಲ್ಲ ಅಂದಮೇಲೆ ಏನಂತೆ’ ಎಂದರೆ ಈ ಸಾಲನ್ನು ಎರಡು ಸಲ ಓದಿ ಹೇಳಿ.

ಅಂಕಿ ನೋಡೋಣ. 2016ರಲ್ಲಿ ಪ್ರಕಟವಾದ ಮುಖ್ಯ ಅಧ್ಯಯನದಲ್ಲಿ 76 ಜನ ಇದ್ದರು. 56 ಜನರಿಗೆ ನಿಜ ಚಿಕಿತ್ಸೆ. 20 ಜನರಿಗೆ ತಲೆ ಬೋಳಿಸಿ, ಚೌಕಟ್ಟು ಕಟ್ಟಿ, ಯಂತ್ರದೊಳಗೆ ಮಲಗಿಸಿ, ಶಬ್ದ ಮಾತ್ರ ಬಿಡಲಿಲ್ಲ. ಮೂರು ತಿಂಗಳ ನಂತರ ಚಿಕಿತ್ಸೆ ಪಡೆದವರ ಕೈ ನಡುಕದ ಅಂಕ 18.1ರಿಂದ 9.6ಕ್ಕೆ ಇಳಿಯಿತು. ಇನ್ನೊಂದು ಗುಂಪಿನದು 16.0 ಇದ್ದದ್ದು 15.8. ಅಂದರೆ ಕೆಲಸ ಮಾಡಿದ್ದು ಶಬ್ದವೇ, ನಂಬಿಕೆಯಲ್ಲ. ಆದರೆ ಗಮನಿಸಿ, ಸರಾಸರಿಯಲ್ಲಿ ನಡುಕ ಅರ್ಧಕ್ಕೆ ಇಳಿಯಿತು, ಸೊನ್ನೆ ಆಗಲಿಲ್ಲ. ವಿಡಿಯೋದಲ್ಲಿ ಬರುವವರು ಸರಾಸರಿಯವರಲ್ಲ.

ಅದೇ ಅಧ್ಯಯನದಲ್ಲಿ ಚಿಕಿತ್ಸೆಯಾದ ಹೊಸದರಲ್ಲಿ 100ಕ್ಕೆ 36 ಜನರ ನಡಿಗೆಯಲ್ಲಿ ಏರುಪೇರಾಯಿತು. 38 ಜನರಿಗೆ ಜೋಮು ಅಥವಾ ಮರಗಟ್ಟಿದ ಅನುಭವ. ಸುಟ್ಟ ಜಾಗದ ಸುತ್ತ ಕೆಲವು ವಾರ ಊತ ಇರುತ್ತದೆ. ಊತ ಇಳಿದ ಹಾಗೆ ಬಹುಪಾಲು ಜನ ಸುಧಾರಿಸುತ್ತಾರೆ. ಒಂದು ವರ್ಷದ ನಂತರವೂ ನಡಿಗೆಯ ತೊಂದರೆ ಉಳಿದದ್ದು 100ಕ್ಕೆ 9 ಜನರಿಗೆ, ಜೋಮು ಉಳಿದದ್ದು 14 ಜನರಿಗೆ. ತುಟಿಯ ಅಂಚಿನ ಜೋಮಿನ ಜತೆ ಬದುಕಬಹುದು. ‘ಲೋಟ ಹಿಡೀತೀನಲ್ಲ, ಇದೇನು ಮಹಾ’ ಎಂದು ನಕ್ಕವರಿದ್ದಾರೆ. ಆದರೆ 71ರ ವಯಸ್ಸಿನಲ್ಲಿ, ಅದೂ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಓಲಾಡಿ ಬೀಳುವುದು ಬೇರೆಯೇ ಮಾತು. ಅಪ್ಪನವರ ನಡಿಗೆ ಈಗ ಹೇಗಿದೆ ಎಂದು ನೀವು ಬರೆದಿಲ್ಲ. ನನ್ನ ಎದುರು ಕೂತಿದ್ದರೆ ಕೈಗಿಂತ ಮೊದಲು ಅದನ್ನೇ ನೋಡುತ್ತಿದ್ದೆ. ಒಂದು ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ಹಾಕಲಿ, ನೀವು ಪಕ್ಕದಲ್ಲೇ ಇರಿ.

ನಿಮ್ಮ ಉಳಿದ ಎರಡು ಭಯಗಳಿಗೆ ಉತ್ತರ ಚಿಕ್ಕದು. ಇದು ಕ್ಷ-ಕಿರಣ ಅಲ್ಲ, ಶಬ್ದ. ವಂಶವಾಹಿಯನ್ನು ಮುರಿಯುವ ವಿಕಿರಣ ಇದರಲ್ಲಿ ಇಲ್ಲ, ಹಾಗಾಗಿ ಆ ದಾರಿಯಲ್ಲಿ ಕ್ಯಾನ್ಸರ್ ಬರುವ ಪ್ರಶ್ನೆ ಏಳುವುದಿಲ್ಲ. ಮೊದಲು ಮಾಡುವ ಸಿಟಿ ಸ್ಕ್ಯಾನ್‌ನಲ್ಲಿ ಸ್ವಲ್ಪ ವಿಕಿರಣ ಇರುತ್ತದೆ, ಅಷ್ಟೇ. ನೆನಪಿನ ವಿಷಯಕ್ಕೆ ಬಂದರೆ, ಒಂದು ಬದಿಯಲ್ಲಿ ಮಾಡಿದಾಗ ನೆನಪು ಕುಂದುವುದು ಸಾಮಾನ್ಯವಾಗಿ ಕಂಡುಬಂದಿಲ್ಲ. ಸುಡುವುದು ಚಲನೆಯ ಜಂಕ್ಷನ್ನಿನ ಮೂಲೆಯನ್ನು, ನೆನಪಿನ ಉಗ್ರಾಣವನ್ನಲ್ಲ.

ಎಲ್ಲರಿಗೂ ಇದು ಆಗಿಬರುವುದಿಲ್ಲ. ಕೆಲವರನ್ನು ಅವರ ಬುರುಡೆಯೇ ತಡೆಯುತ್ತದೆ. ಬುರುಡೆಯ ಹೊರಗೂ ಒಳಗೂ ಗಟ್ಟಿ ಪದರ, ನಡುವೆ ಸ್ಪಂಜಿನಂಥ ಪದರ ಇರುತ್ತದೆ. ಇವೆರಡರ ಸಾಂದ್ರತೆಯ ಅನುಪಾತವನ್ನು ಸಿಟಿಯಲ್ಲಿ ಅಳೆಯುತ್ತಾರೆ. 0.4ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸಲೀಸು. ಕೆಳಗಿದ್ದಷ್ಟೂ ಮೂಳೆಯೇ ಕಾವನ್ನು ಕುಡಿದುಬಿಡುತ್ತದೆ, ಚುಕ್ಕೆ ಬೇಕಾದಷ್ಟು ಬಿಸಿ ಆಗುವುದಿಲ್ಲ. ಇದು ಹೊರಗಿನಿಂದ ನೋಡಿದರೆ ತಿಳಿಯುವುದಲ್ಲ, ಹಾಗಾಗಿ ಮೊದಲೇ ಆಸೆ ಕಟ್ಟಿಕೊಳ್ಳುವುದು ಬೇಡ. ಎಂಆರ್‌ಐಗೆ ಹೊಂದದ ಪೇಸ್‌ಮೇಕರ್ ಇದ್ದವರಿಗೆ, ಇಕ್ಕಟ್ಟಿನಲ್ಲಿ ಉಸಿರುಗಟ್ಟಿದಂತಾಗುವವರಿಗೆ, ಗಂಟೆಗಟ್ಟಲೆ ಅಂಗಾತ ಮಲಗಲಾಗದವರಿಗೆ ಕಷ್ಟ. ಆಸ್ತಮಾ ಕೆರಳಿದ್ದರೆ ಇದೂ ಲೆಕ್ಕಕ್ಕೆ ಬರುತ್ತದೆ. ಇನ್ನು ರಕ್ತ ತೆಳು ಮಾಡುವ ಮಾತ್ರೆ. ಮೆದುಳಲ್ಲಿ ರಕ್ತ ಜಿನುಗದಿರಲಿ ಎಂದು ಅದನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ. ಆದರೆ ಅದನ್ನು ಕೊಟ್ಟಿರುವುದೇ ಪಾರ್ಶ್ವವಾಯು ಆಗದಿರಲಿ ಎಂದು. ಎಷ್ಟು ದಿನ ನಿಲ್ಲಿಸಬಹುದು, ನಿಲ್ಲಿಸಬಹುದೇ ಎಂಬುದನ್ನು ಹೃದಯದ ವೈದ್ಯರೇ ಹೇಳಬೇಕು. ಮನೆಯಲ್ಲಿ ತೀರ್ಮಾನಿಸುವ ವಿಷಯ ಅಲ್ಲ.

ವಿಡಿಯೋದಲ್ಲಿ ಇಲ್ಲದ ಇನ್ನೂ ಒಂದು ಮಾತು. ಸರಿಯಾಗುವುದು ಒಂದು ಕೈ. ಬಲಗೈಗಾಗಿ ಎಡಮೆದುಳಿನಲ್ಲಿ ಮಾಡುತ್ತಾರೆ. ಎಡಗೈ ಹಾಗೇ ನಡುಗುತ್ತಿರುತ್ತದೆ. ತಲೆ ಅಲ್ಲಾಡುವುದಕ್ಕೆ ಒಂದು ಬದಿಯ ಚಿಕಿತ್ಸೆಯಿಂದ ಅಷ್ಟಾಗಿ ಗುಣ ಸಿಗುವುದಿಲ್ಲ. ಎರಡನೇ ಬದಿಗೂ 2022ರ ಕೊನೆಯಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ಮೊದಲನೆಯದಾಗಿ ಕನಿಷ್ಠ 9 ತಿಂಗಳು ಕಳೆದಿರಬೇಕು. ಎರಡೂ ಬದಿ ಸುಟ್ಟಾಗ ಮಾತು ತೊದಲುವ, ನಡಿಗೆ ಓಲಾಡುವ ಸಂಭವ ಹೆಚ್ಚು. ನಾನಂತೂ ಅವಸರ ಮಾಡುವುದಿಲ್ಲ. ನಡುಕ ಮರಳುವುದೂ ಉಂಟು. ಐದು ವರ್ಷ ಹಿಂಬಾಲಿಸಿ ನೋಡಿದಾಗ ಬಹಳಷ್ಟು ಜನರಲ್ಲಿ ಗುಣ ಉಳಿದಿತ್ತು. ಆದರೆ ಕಾಯಿಲೆ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ, ಚಿಕಿತ್ಸೆ ಅದನ್ನು ಬೇರಿನಿಂದ ಕೀಳುವುದಿಲ್ಲ.

ಒಂದು ವೇಳೆ ಮೊದಲ ವೈದ್ಯರೇ ಸರಿ, ಪಾರ್ಕಿನ್ಸನ್ನೇ ಆಗಿದ್ದರೆ? ಅಲ್ಲೂ ಇದನ್ನು ಬಳಸುತ್ತಾರೆ, ಆದರೆ ಭರವಸೆಯ ಅಳತೆ ಬೇರೆ. ಥಾಲಮಸ್ ಸುಟ್ಟರೆ ನಡುಕ ತಗ್ಗಬಹುದು, ನಿಧಾನ ಮತ್ತು ಬಿಗಿತ ಹೋಗುವುದಿಲ್ಲ. ಗ್ಲೋಬಸ್ ಪ್ಯಾಲಿಡಸ್ ಎಂಬ ಇನ್ನೊಂದು ಜಾಗ ಸುಟ್ಟು ನೋಡಿದ 94 ಜನರ ಅಧ್ಯಯನ 2023ರಲ್ಲಿ ಬಂತು. ಮೂರು ತಿಂಗಳಿಗೆ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 69 ಜನರಿಗೆ ಗುಣ ಕಂಡಿತು. ಸುಳ್ಳು ಚಿಕಿತ್ಸೆ ಪಡೆದವರಲ್ಲೂ 32 ಜನರಿಗೆ ಗುಣ ಕಂಡಿತು! ಪಾರ್ಕಿನ್ಸನ್ನಿನಲ್ಲಿ ನಂಬಿಕೆಯೇ ಅಷ್ಟು ಕೆಲಸ ಮಾಡುತ್ತದೆ. ‘ನಮ್ಮ ಮಾವನಿಗೆ ವಾಸಿಯಾಯ್ತು’ ಎಂಬ ಒಂದೊಂದು ಕತೆಯ ಮೇಲೆ ನಾನು ತೀರ್ಮಾನಕ್ಕೆ ಬರದಿರುವುದು ಇದಕ್ಕೇ.

ಬೇರೆ ದಾರಿಗಳು ಏನಿವೆ? ಮೊದಲು ಮಾತ್ರೆ. ಎಸೆನ್ಶಿಯಲ್ ಟ್ರೆಮರ್‌ಗೆ ಮೊದಲು ಬರೆಯುವುದು ಪ್ರೊಪ್ರನಲಾಲ್. ಅಪ್ಪನವರಿಗೆ ಅದು ಬೇಡ, ಆಸ್ತಮಾ ಇದ್ದವರ ಉಸಿರು ಕಟ್ಟಿಸಬಹುದು. ಎರಡನೆಯದು ಪ್ರಿಮಿಡೋನ್. ಮೊದಲ ಮಾತ್ರೆಗೇ ತೂಕಡಿಕೆ, ತಲೆಸುತ್ತು ಬಂದು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ತೀರಾ ಕಡಿಮೆ ಪ್ರಮಾಣದಲ್ಲಿ, ರಾತ್ರಿ ಮಲಗುವ ಮುಂಚೆ ಶುರು ಮಾಡಿ ನಿಧಾನ ಏರಿಸಿದರೆ ಹಲವರಿಗೆ ಹೊಂದುತ್ತದೆ. ಆದರೆ ರಕ್ತ ತೆಳು ಮಾಡುವ ಕೆಲವು ಮಾತ್ರೆಗಳ ಬಲವನ್ನು ಇದು ಕುಂದಿಸುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡುವ ವೈದ್ಯರು ಬೇಕು. ಟೋಪಿರಮೇಟ್ ಮೂರನೆಯದು, ಕಿಡ್ನಿ ಕಲ್ಲು ಇದ್ದವರಿಗೆ ಸಲ್ಲದು. ಈ ಪೈಕಿ ಯಾವುದನ್ನೂ ಅಪ್ಪನವರು ಪ್ರಯತ್ನಿಸಿದಂತೆ ಕಾಣುವುದಿಲ್ಲ. ಅವರು ನುಂಗಿದ್ದು ಇನ್ನೊಂದು ರೋಗದ ಮಾತ್ರೆ.

ಮಾತ್ರೆ ಸೋತರೆ ಡಿಬಿಎಸ್, ಅಂದರೆ ಡೀಪ್ ಬ್ರೈನ್ ಸ್ಟಿಮ್ಯುಲೇಶನ್. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲೀಮ್ ಲೂಯಿ ಬೆನಬಿದ್ ಅವರ ತಂಡ ಶುರು ಮಾಡಿದ ವಿಧಾನ ಇದು. ಬುರುಡೆಗೆ ತೂತು ಮಾಡಿ ಅದೇ ಥಾಲಮಸ್‌ಗೆ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಡುತ್ತಾರೆ. ಸುಡುವುದಿಲ್ಲ, ವಿದ್ಯುತ್ತಿನಿಂದ ತಾಳ ಕೆಡಿಸುತ್ತಾರೆ. ಎರಡೂ ಬದಿಗೆ ಮಾಡಬಹುದು. ಮಾತು ತೊದಲಿದರೆ ವಿದ್ಯುತ್ ತಗ್ಗಿಸಬಹುದು, ಬೇಡವಾದರೆ ಆಫ್ ಮಾಡಬಹುದು. ಈ ಆಫ್ ಮಾಡಬಹುದು ಎಂಬುದನ್ನು ಹಗುರವಾಗಿ ನೋಡಬೇಡಿ. ಪ್ರತಿಯಾಗಿ 100ರಲ್ಲಿ ಒಬ್ಬಿಬ್ಬರಿಗೆ ಮೆದುಳಲ್ಲಿ ರಕ್ತಸ್ರಾವ, ಕೆಲವರಿಗೆ ಸೋಂಕು, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾವಣೆ, ಆಗಾಗ ಹೊಂದಿಸಲು ಆಸ್ಪತ್ರೆಗೆ ಓಡಾಟ. ಗಾಮಾ ನೈಫ್ ಎಂಬ ಇನ್ನೊಂದಿದೆ. ಅದೂ ಕೊರೆಯುವುದಿಲ್ಲ, ಆದರೆ ಅದು ನಿಜವಾದ ವಿಕಿರಣ. ಗುಣ ಕಾಣಲು ತಿಂಗಳುಗಳು ಬೇಕು, ಬೆಚ್ಚಗೆ ಮಾಡಿ ನೋಡುವಂಥ ಪರೀಕ್ಷೆಯೂ ಇಲ್ಲ. ಹಾಗಾಗಿ ನನಗೆ ಅದರ ಮೇಲೆ ಅಷ್ಟು ಒಲವಿಲ್ಲ.

ಅಪ್ಪನವರ ಜಾಗದಲ್ಲಿ ನನ್ನ ಮನೆಯವರಿದ್ದರೆ? ಆಸ್ತಮಾ ಹತೋಟಿಗೆ ತಂದು ಎರಡು ತಿಂಗಳು ನೋಡುತ್ತಿದ್ದೆ. ಹೊಂದುವ ಮಾತ್ರೆ ಇದ್ದರೆ ಒಂದನ್ನು ಸರಿಯಾಗಿ, ಸಾಕಷ್ಟು ದಿನ ಕೊಟ್ಟು ನೋಡುತ್ತಿದ್ದೆ. ಆಮೇಲೂ ಬಲಗೈಯಲ್ಲಿ ಲೋಟ ನಿಲ್ಲದಿದ್ದರೆ, ನಡಿಗೆ ಗಟ್ಟಿ ಇದ್ದರೆ, ಬುರುಡೆ ಒಪ್ಪಿದರೆ, ಹೃದಯದ ವೈದ್ಯರೂ ಒಪ್ಪಿದರೆ, ‘ಆಗಲಿ’ ಎನ್ನುತ್ತಿದ್ದೆ. ಒಂದು ಕೈ ನೆಟ್ಟಗಾದರೆ ಊಟ, ಸಹಿ, ಅಂಗಿ ಗುಂಡಿ ಮೂರೂ ಮರಳಿ ಬರುತ್ತವೆ. ನಡಿಗೆ ಈಗಲೇ ಓಲಾಡುತ್ತಿದ್ದರೆ ಮಾತ್ರ ಹಿಂದೇಟು ಹಾಕುತ್ತಿದ್ದೆ.

ಅಮ್ಮನ ವಿಷಯ. ಇಲ್ಲಿ ನಿಮ್ಮ ತಮ್ಮನ ಆಸೆಗೆ ತಣ್ಣೀರು ಎರಚಬೇಕಾಗಿದೆ. ಮೆದುಳಿನ ಸಣ್ಣ ರಕ್ತನಾಳಗಳ ಗೋಡೆ ಬಲು ಬಿಗಿ, ಬೇಕಾದ ಔಷಧವನ್ನೂ ಅದು ಬಿಟ್ಟುಕೊಳ್ಳುವುದಿಲ್ಲ. ರಕ್ತನಾಳಕ್ಕೆ ಅತಿ ಸಣ್ಣ ಗುಳ್ಳೆಗಳನ್ನು ಬಿಟ್ಟು, ಮೆಲುವಾದ ಶಬ್ದ ಹಾಯಿಸಿದರೆ ಗುಳ್ಳೆಗಳು ಹಿಗ್ಗಿ ಕುಗ್ಗಿ ಗೋಡೆಯ ಸಂದುಗಳನ್ನು ಸಡಿಲಿಸುತ್ತವೆ. ಸುಮಾರು ಒಂದು ದಿನದೊಳಗೆ ಮತ್ತೆ ಮುಚ್ಚುತ್ತದೆ. 2018ರಲ್ಲಿ ಟೊರಾಂಟೊದಲ್ಲಿ ಐವರು ಆಲ್ಝೈಮರ್ ರೋಗಿಗಳಲ್ಲಿ ಹೀಗೆ ತೆರೆದು ಮುಚ್ಚಿಸಬಹುದು ಎಂದು ತೋರಿಸಿದರು. 2024ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ತಂಡ ಮೂವರಿಗೆ ಅಡುಕನುಮ್ಯಾಬ್ ಔಷಧ ಕೊಟ್ಟು ಒಂದು ಭಾಗದ ಗೋಡೆ ತೆರೆಯಿತು. ಆಲ್ಝೈಮರ್‌ನಲ್ಲಿ ಮೆದುಳಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಜಿಡ್ಡು ತೆರೆದ ಕಡೆ ಹೆಚ್ಚು ಕರಗಿತ್ತು. ಕುತೂಹಲದ ಸಂಗತಿಯೇ. ಆದರೆ ಮೂರೇ ಜನ. ಕರಗಿದ್ದು ಜಿಡ್ಡು, ಮರಳಿದ್ದು ನೆನಪಲ್ಲ. ಆ ಔಷಧವನ್ನೇ ತಯಾರಕರು ಅದೇ ವರ್ಷ ಕೈಬಿಟ್ಟರು.

ಆದ್ದರಿಂದ ಅಮ್ಮನಿಗೆ ಈಗ ಇದು ಚಿಕಿತ್ಸೆಯಲ್ಲ. ವೈದ್ಯಕೀಯ ಪ್ರಯೋಗವೊಂದಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಯಾರಾದರೂ ಕರೆದರೆ ಒಪ್ಪಿಗೆ ಪತ್ರ ಪೂರ್ತಿ ಓದಿ, ನೈತಿಕ ಸಮಿತಿಯ ಅನುಮತಿ ಕೇಳಿ. ಪ್ರಯೋಗಕ್ಕೆ ನಿಮ್ಮಿಂದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ಕೈಯಲ್ಲಿ ಹಿಡಿದ ಸಾಧನವನ್ನು ತಲೆಯ ಮೇಲೆ ಆಡಿಸಿ ಮರೆವು ಓಡಿಸುತ್ತೇವೆ ಎನ್ನುವವರೂ ಸಿಗುತ್ತಾರೆ. ಅದು ನಾನು ಹೇಳಿದ ಮೂರನೇ ಕೆಲಸದ ಹೆಸರು ಹೇಳಿಕೊಂಡು ನಡೆಯುವುದು, ಆಧಾರ ಇನ್ನೂ ತೆಳು.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಗೆರೆ ಇಲ್ಲದ ಬಿಳಿ ಹಾಳೆ ಮೇಜಿನ ಮೇಲಿಟ್ಟು, ಮೊಣಕೈ ಊರದೆ ಬಲಗೈಯಲ್ಲಿ ಒಂದು ಸುರುಳಿ, ಎಡಗೈಯಲ್ಲಿ ಒಂದು ಸುರುಳಿ ಬರೆಸಿ. ಕೆಳಗೆ ಅವರ ಸಹಿ. ತಾರೀಕು, ಗಂಟೆ ಮತ್ತು ಕೊನೆಯ ಸಲ ಇನ್‌ಹೇಲರ್ ಎಳೆದ ಹೊತ್ತು ಬರೆದಿಡಿ. ವಾರಕ್ಕೆ ಎರಡು ಹಾಳೆ ಸಾಕು, ಒಂದನ್ನು ಇನ್‌ಹೇಲರ್‌ಗೆ ಮುಂಚೆ, ಇನ್ನೊಂದನ್ನು ಆದ ಅರ್ಧ ಗಂಟೆಗೆ. ಎರಡು ತಿಂಗಳ ಹಾಳೆಗಳನ್ನು ವೈದ್ಯರ ಮುಂದೆ ಇಡಿ, ಸ್ಕ್ಯಾನ್ ಫೈಲಿಗಿಂತ ಮೊದಲು.